ಶೋಧನೆಯನ್ನು ಪ್ರಶ್ನಿಸುವ ಹಕ್ಕು ಯಾರದು?

ಪೋಲೀಸರು ಬಂದು ಬಾಗಿಲು ತಟ್ಟಿದಾಗ ಒಳಗಿನಿಂದ ಅಗುಳಿ ತೆಗೆಯುವವನು ಯಾವಾಗಲೂ ಆ ಮನೆಯ ಯಜಮಾನನೇ ಆಗಿರುವುದಿಲ್ಲ. ಗುಬ್ಬಿಯಿಂದ ಓದುವುದಕ್ಕೆ ಬಂದು ತುಮಕೂರಿನ ಒಂದು ಕೋಣೆಯಲ್ಲಿ ಮೂವರೊಡನೆ ತಂಗಿರುವ ಹುಡುಗನಿರಬಹುದು. ಕುಣಿಗಲಿನಿಂದ ವಸಂತನರಸಾಪುರದ ಕಾರ್ಖಾನೆಯ ಕೆಲಸಕ್ಕೆ ಬಂದು ಅಕ್ಕನ ಮನೆಯಲ್ಲಿರುವ ತಮ್ಮನಿರಬಹುದು. ಮದುವೆಗೆಂದು ಬಂದು ಎರಡು ದಿನ ಹೆಚ್ಚಿಗೆ ಉಳಿದ ಸೋದರತ್ತೆಯಿರಬಹುದು. ಶೋಧನೆ ಆರಂಭವಾದೊಡನೆ ಇವರೆಲ್ಲರ ಪೆಟ್ಟಿಗೆ, ಬಟ್ಟೆಬರೆ, ಕಾಗದಪತ್ರ, ಕೈಯ ಫೋನು ಎಲ್ಲವೂ ನಡುಮನೆಗೆ ಬಂದು ಬೀಳುತ್ತವೆ. ಆದರೆ "ಯಾವ ಆಧಾರದ ಮೇಲೆ ಬಂದಿರಿ? ಏನನ್ನು ಹುಡುಕುತ್ತಿರುವಿರಿ?" ಎಂದು ಇವರಲ್ಲೊಬ್ಬರು ಕೇಳಿದರೆ, "ಕೇಳುವುದಕ್ಕೆ ನೀನು ಯಾರು? ಮನೆ ನಿನ್ನದೇನು?" ಎಂಬ ಮರುಪ್ರಶ್ನೆ ಏಳುವುದು ಸಹಜ. ಈ ಮರುಪ್ರಶ್ನೆಯ ನ್ಯಾಯಾನ್ಯಾಯಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗೋಡೆ ಯಾರದೇ ಆಗಿರಲಿ, ಮಾನ ಅವರವರದು. ಯಾರ ಪೆಟ್ಟಿಗೆಯನ್ನು ತೆರೆದರೋ, ಯಾರ ಕಾಗದವನ್ನು ಓದಿದರೋ, ಅವರಿಗೆ ಆ ಶೋಧನೆಯನ್ನು ಪ್ರಶ್ನಿಸುವ ಹಕ್ಕು ಇರತಕ್ಕದ್ದು. ನಮ್ಮ ದೇಶದ ಅತ್ಯುಚ್ಚ ನ್ಯಾಯಸ್ಥಾನವು ಈ ತತ್ತ್ವವನ್ನು ಒಪ್ಪಿಯಾಗಿದೆ. ಕಾಯಿದೆಯ ಅಕ್ಷರ ಮಾತ್ರ ಇನ್ನೂ ಗೋಡೆಯ ಒಡೆಯನ ಕಡೆಗೇ ಮುಖ ಮಾಡಿ ನಿಂತಿದೆ.

ಕಾಯಿದೆ ಹೇಳುವುದೇನೆಂಬುದನ್ನು ನೋಡೋಣ. 1973ರ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದಿದೆ. ಅದರ 185ನೆಯ ಕಲಮಿನಂತೆ, ವಾರಂಟಿಲ್ಲದೆ ಶೋಧನೆಗೆ ಹೊರಡುವ ಅಧಿಕಾರಿಯು ತನ್ನ ನಂಬಿಕೆಗೆ ಆಧಾರವೇನು, ಹುಡುಕತಕ್ಕ ವಸ್ತು ಯಾವುದು ಎಂಬುದನ್ನು ಮೊದಲೇ ಬರೆದಿಡಬೇಕು. ಆ ಬರಹದ ಪ್ರತಿಯನ್ನು 48 ಘಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆ ಸ್ಥಳದ ಮಾಲೀಕನಾಗಲಿ ಸ್ವಾಧೀನದಾರನಾಗಲಿ ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಶುಲ್ಕವಿಲ್ಲದೆ ಕೊಡತಕ್ಕದ್ದು. 103ನೆಯ ಕಲಮಿನಂತೆ, ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳ ಎದುರಿನಲ್ಲಿ ಶೋಧನೆ ನಡೆಯಬೇಕು; ಸಿಕ್ಕಿದ ವಸ್ತುಗಳ ಪಟ್ಟಿಗೆ ಅವರ ರುಜುವಾಗಬೇಕು; ಸ್ವಾಧೀನದಾರನು ಅಥವಾ ಅವನ ಪರವಾಗಿ ಒಬ್ಬನು ಜೊತೆಯಲ್ಲಿರುವುದಕ್ಕೆ ಪ್ರತಿಯೊಂದು ಸಂದರ್ಭದಲ್ಲಿಯೂ ಅವಕಾಶ ಕೊಡಬೇಕು; ಪಟ್ಟಿಯ ಪ್ರತಿಯನ್ನು ಅವನ ಕೈಗೆ ಒಪ್ಪಿಸಬೇಕು. ಸ್ತ್ರೀಯರ ಅಂಗಶೋಧನೆಯನ್ನು ಸ್ತ್ರೀಯೇ, ಮರ್ಯಾದೆಯನ್ನು ಕಾಪಾಡಿ ಮಾಡಬೇಕು. 105ನೆಯ ಕಲಮು ಹೊಸದು. ಶೋಧನೆಯನ್ನೂ ಜಪ್ತಿಯನ್ನೂ ಧ್ವನಿಸಹಿತವಾಗಿ ಚಿತ್ರೀಕರಿಸಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ಅದು ವಿಧಿಸುತ್ತದೆ.

ಇವು ಒಳ್ಳೆಯ ನಿಯಮಗಳು. ಇವುಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ವಾಚಕರು ಒಂದು ಮಾತನ್ನು ಗಮನಿಸಿರಬಹುದು. ಆಧಾರದ ಪ್ರತಿ ಮಾಲೀಕನಿಗೆ ಅಥವಾ ಸ್ವಾಧೀನದಾರನಿಗೆ. ವಸ್ತುಗಳ ಪಟ್ಟಿ ಸ್ವಾಧೀನದಾರನಿಗೆ. ಜೊತೆಯಲ್ಲಿರುವ ಅಧಿಕಾರವೂ ಅವನಿಗೇ. ಒಬ್ಬನ ಮೈಯನ್ನು ಶೋಧಿಸಿದರೆ, ಅವನಿಂದ ತೆಗೆದುಕೊಂಡ ವಸ್ತುಗಳ ಪಟ್ಟಿಯನ್ನು ಅವನಿಗೇ ಕೊಡಬೇಕೆಂದು ಅದೇ 103ನೆಯ ಕಲಮು ಹೇಳುತ್ತದೆ. ಆದರೆ ಅವನ ಪೆಟ್ಟಿಗೆ ಮತ್ತೊಬ್ಬನ ಸೂರಿನ ಕೆಳಗಿದ್ದರೆ ಅವನ ಹೆಸರೇ ಕಾಯಿದೆಯಲ್ಲಿ ಇಲ್ಲ. ಅಂಗಿಯ ಜೇಬಿನಲ್ಲಿದ್ದ ಪತ್ರಕ್ಕೆ ಒಂದು ಗೌರವ, ಅದೇ ಪತ್ರ ಅಕ್ಕನ ಮನೆಯ ಅಟ್ಟದ ಮೇಲಿದ್ದರೆ ಮತ್ತೊಂದು ಗೌರವ! ಚಿತ್ರೀಕರಣದ ವಿಷಯವೂ ಹೀಗೆಯೇ. ಅದು ಮ್ಯಾಜಿಸ್ಟ್ರೇಟರಿಗೆ ಹೋಗಬೇಕೆಂದು ಬರೆದಿದೆಯೇ ಹೊರತು, ಯಾರ ವಸ್ತುವನ್ನು ಕೆದಕಿದರೋ ಅವರಿಗೆ ತೋರಿಸಬೇಕೆಂದು 105ನೆಯ ಕಲಮಿನಲ್ಲಿ ಎಲ್ಲಿಯೂ ಇಲ್ಲ. ಮುಂದೆ ಆರೋಪಿಯಾದವನಿಗೆ ದೋಷಾರೋಪಣೆಯ ಕಾಗದಪತ್ರಗಳಾದರೂ ದೊರೆಯುತ್ತವೆ. ಯಾವ ಆರೋಪವೂ ಇಲ್ಲದ ನಿರಪರಾಧಿಗೆ ಅದೂ ಇಲ್ಲ.

ಇದು ಬರಿಯ ತರ್ಕದ ತೊಡಕಲ್ಲ. ನಮ್ಮ ಜಿಲ್ಲೆಯ ಜನಜೀವನವನ್ನು ನೋಡಿದರೆ ಎಷ್ಟು ಮಂದಿ ಈ ಬಿರುಕಿನಲ್ಲಿ ಬೀಳುವರೆಂಬುದು ತಿಳಿಯುತ್ತದೆ. ವಿದ್ಯಾರ್ಥಿನಿಲಯದಲ್ಲಿ ನೂರು ಹುಡುಗರು ಒಂದು ಸೂರಿನಡಿಯಲ್ಲಿ ಮಲಗುತ್ತಾರೆ; ಕಟ್ಟಡ ಆಡಳಿತದವರದು, ಟ್ರಂಕು ಹುಡುಗನದು. ಗುಬ್ಬಿಯ ಅಡಿಕೆ ಬೆಳೆಗಾರನು ಬೆಳೆಯನ್ನು ಮಂಡಿಗೆ ಹಾಕುತ್ತಾನೆ; ಅವನ ಸಾಲಸೋಲ, ಮಗಳ ಮದುವೆಯ ಮುಂಗಡ, ಎಲ್ಲವೂ ಮಂಡಿಯವನ ಖಾತೆಪುಸ್ತಕದಲ್ಲಿ ಸೇರಿರುತ್ತವೆ. ಕುಣಿಗಲಿನ ಗೃಹಿಣಿಯು ಕೆಟ್ಟ ಫೋನನ್ನು ದುರಸ್ತಿಯ ಅಂಗಡಿಯಲ್ಲಿ ಬಿಟ್ಟು ಬಂದಿರುತ್ತಾಳೆ. ಅಂಗಡಿ ಯಾರದೋ, ಫೋನಿನೊಳಗಿನ ಸಂಸಾರವೆಲ್ಲ ಅವಳದು. 1884ರಲ್ಲಿ ಹುಟ್ಟಿ ಕನ್ನಡ ನಾಡನ್ನೆಲ್ಲ ಸುತ್ತಿದ ಗುಬ್ಬಿಯ ನಾಟಕ ಕಂಪನಿಯನ್ನು ನೆನೆಯಿರಿ. ಊರಿಂದೂರಿಗೆ ಬಿಡಾರ ಎತ್ತುವ ಕಲಾವಿದನಿಗೆ ಸ್ವಂತ ಗೋಡೆ ಎಲ್ಲಿಂದ ಬರಬೇಕು? ಇರುವುದೊಂದು ಪೆಟ್ಟಿಗೆ. ಆಸ್ತಿಯುಳ್ಳವನಿಗೆ ಮಾತ್ರ ಖಾಸಗಿತನವೆಂದಾದರೆ, ಬಾಡಿಗೆಯವನೂ ಬಿಡಾರದವನೂ ಕೂಲಿಯವನೂ ಅತಿಥಿಯೂ ಅರ್ಧ ಪೌರರಾಗಿ ಉಳಿಯುತ್ತಾರೆ.

ಈ ಗೋಡೆಯ ನ್ಯಾಯ ಬಂದದ್ದಾದರೂ ಎಲ್ಲಿಂದ? ಇಂಗ್ಲೆಂಡಿನಲ್ಲಿ 1762ರಲ್ಲಿ ರಾಜನ ದೂತರು ಜಾನ್ ಎಂಟಿಕ್ ಎಂಬ ಲೇಖಕನ ಮನೆಯನ್ನು ಹೊಕ್ಕು ಅವನ ಕಾಗದಪತ್ರಗಳನ್ನು ಹೊತ್ತೊಯ್ದರು. 1765ರಲ್ಲಿ ನ್ಯಾಯಾಲಯವು, ಮಂತ್ರಿಯ ಆಜ್ಞೆಯಿದ್ದ ಮಾತ್ರಕ್ಕೆ ಪ್ರಜೆಯ ಮನೆಯನ್ನು ಹೊಗುವ ಅಧಿಕಾರ ಬರುವುದಿಲ್ಲವೆಂದು ತೀರ್ಮಾನಿಸಿತು. ಆ ತೀರ್ಪು ಪ್ರಖ್ಯಾತವಾದದ್ದು, ಆದರೆ ಅದು ನಿಂತದ್ದು ಆಸ್ತಿಯ ಅತಿಕ್ರಮವೆಂಬ ತಳಹದಿಯ ಮೇಲೆ. ಮನೆ ಎಂಟಿಕ್ಕನದಾಗಿದ್ದುದರಿಂದ ಅವನು ಗೆದ್ದನು. ಪರಾಧೀನ ಭಾರತದ ಶೋಧನೆಯ ಕಾಯಿದೆಗಳೂ ಈ ಆಸ್ತಿಯ ಭಾಷೆಯಲ್ಲಿಯೇ ರಚಿತವಾದವು. ನಮ್ಮ ಪತ್ರಿಕೋದ್ಯಮವು ಇದರ ಕಹಿಯನ್ನು ಉಂಡಿದೆ. ಮೈಸೂರು ಸೀಮೆಯಲ್ಲಿ 1908ರ ಪತ್ರಿಕಾ ನಿಬಂಧನೆ, ಬ್ರಿಟಿಷ್ ಭಾರತದಲ್ಲಿ 1910ರ ಮತ್ತು 1931ರ ಮುದ್ರಣ ಕಾಯಿದೆಗಳು ಪತ್ರಿಕೆಗಳ ತಲೆಯ ಮೇಲೆ ಕತ್ತಿಯಂತೆ ತೂಗುತ್ತಿದ್ದವು. ಮುದ್ರಣಾಲಯದಲ್ಲಿ ಹಸ್ತಪ್ರತಿ ಒಬ್ಬನದು, ಯಂತ್ರ ಮತ್ತೊಬ್ಬನದು, ಕಟ್ಟಡ ಮೂರನೆಯವನದು. ಬಾಗಿಲಿಗೆ ಪೋಲೀಸರು ಬಂದಾಗ ಹಸ್ತಪ್ರತಿಯ ಒಡೆಯನ ಮಾತನ್ನು ಕೇಳುವವರು ಯಾರು?

ಸ್ವಾತಂತ್ರ್ಯ ಬಂದಾಗ ಇದನ್ನು ಸರಿಪಡಿಸುವ ಅವಕಾಶವಿತ್ತು. ಮನುಷ್ಯನ ದೇಹ, ಮನೆ, ಕಾಗದಪತ್ರಗಳಿಗೆ ಅನುಚಿತ ಶೋಧನೆಯಿಂದ ರಕ್ಷಣೆ ಇರಬೇಕೆಂದು ಅಂಬೇಡ್ಕರರೂ ಮುನ್ಶಿಯವರೂ ತಮ್ಮ ತಮ್ಮ ಕರಡುಗಳಲ್ಲಿ ಬರೆದಿದ್ದರು. ಪೋಲೀಸರ ತನಿಖೆಗೆ ಅಡ್ಡಿಯಾದೀತೆಂದು ಅದನ್ನು ವಿರೋಧಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಹಾವಿದ್ವಾಂಸರಾದ ಬೆನಗಲ್ ನರಸಿಂಗ ರಾಯರೂ ಒಬ್ಬರು. 1948ನೆಯ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಸಂವಿಧಾನ ಸಭೆಯಲ್ಲಿ ಅದೇ ಅರ್ಥದ ತಿದ್ದುಪಡಿಯನ್ನು ತಂದರು. ಅಂಬೇಡ್ಕರರು ಅದಕ್ಕೆ ಸಮ್ಮತಿ ಸೂಚಿಸಿದರೂ ಮತಗಳ ಎಣಿಕೆಯಲ್ಲಿ ಅದು ಬಿದ್ದುಹೋಯಿತು. ಆ ಮೌನದ ಫಲವನ್ನು ದೇಶವು ಬಹುಕಾಲ ಅನುಭವಿಸಿತು. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ಮಂದಿ ನ್ಯಾಯಮೂರ್ತಿಗಳ ಪೀಠವು, ಸಂವಿಧಾನಕಾರರು ಬರೆಯದ ಖಾಸಗಿತನದ ಹಕ್ಕನ್ನು ಶೋಧನೆಯ ಕಾಯಿದೆಯೊಳಗೆ ತುರುಕಲಾಗದೆಂದಿತು. 1962ರಲ್ಲಿ ಖರಕ್ ಸಿಂಗನ ಮೊಕದ್ದಮೆಯಲ್ಲಿ ಪೋಲೀಸರು ನಡುರಾತ್ರಿ ಮನೆಗೆ ಬಂದು ಎಬ್ಬಿಸುವುದನ್ನು ರದ್ದುಗೊಳಿಸಿದರೂ, ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು.

ಈ ಕತ್ತಲೆಯನ್ನು ಕಳೆದ ಎರಡು ತೀರ್ಪುಗಳಿಗೂ ಕನ್ನಡ ನಾಡಿನ ನಂಟಿದೆ. ಮೊದಲನೆಯದು, 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕಿನ ಮೊಕದ್ದಮೆ. ಆಂಧ್ರಪ್ರದೇಶವು ಸ್ಟಾಂಪು ಕಾಯಿದೆಗೆ ಮಾಡಿಕೊಂಡಿದ್ದ ತಿದ್ದುಪಡಿಯಂತೆ, ಕಲೆಕ್ಟರರಿಂದ ಅಧಿಕಾರ ಪಡೆದ ಯಾರಾದರೂ ಬ್ಯಾಂಕಿಗೆ ಹೋಗಿ ಗಿರಾಕಿಗಳ ದಸ್ತಾವೇಜುಗಳನ್ನು ತೆಗೆದು ನೋಡಬಹುದಾಗಿತ್ತು, ಒಯ್ಯಲೂಬಹುದಾಗಿತ್ತು. ಕಟ್ಟಡ ಬ್ಯಾಂಕಿನದು, ಕಪಾಟು ಬ್ಯಾಂಕಿನದು. ಹಾಗಾದರೆ ಗಿರಾಕಿಗೆ ದೂರುವ ಹಕ್ಕು ಎಲ್ಲಿಯದು? 1976ರಲ್ಲಿ ಅಮೇರಿಕದ ಸುಪ್ರೀಂ ಕೋರ್ಟು ಇಂಥ ಪ್ರಶ್ನೆಗೆ, ಬ್ಯಾಂಕಿಗೆ ಒಪ್ಪಿಸಿದ ಮೇಲೆ ಗಿರಾಕಿಯ ಖಾಸಗಿತನ ಮುಗಿಯಿತೆಂದು ಉತ್ತರ ಕೊಟ್ಟಿತ್ತು. ನಮ್ಮ ಸುಪ್ರೀಂ ಕೋರ್ಟು 2004ರಲ್ಲಿ ಆ ದಾರಿಯನ್ನು ಹಿಡಿಯಲಿಲ್ಲ. ಖಾಸಗಿತನವು ಸ್ಥಳಕ್ಕೆ ಅಂಟಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ನಂಬಿ ಒಪ್ಪಿಸಿದ ಕಾಗದವು ಒಪ್ಪಿಸಿದವನ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದು ಹೇಳಿ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಗುಬ್ಬಿಯ ಬೆಳೆಗಾರನ ಮಂಡಿಯ ಲೆಕ್ಕಕ್ಕೂ ಕುಣಿಗಲಿನ ಗೃಹಿಣಿಯ ಫೋನಿಗೂ ಇದೇ ನ್ಯಾಯ ಸಲ್ಲಬೇಡವೇ?

ಎರಡನೆಯದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಹೂಡಿದ ಮೊಕದ್ದಮೆ. ಅವರು ತಮ್ಮ ಮನೆಯ ಶೋಧನೆಯ ದೂರನ್ನು ಹೊತ್ತು ಹೋದವರಲ್ಲ. ಆಧಾರ್ ಯೋಜನೆಯಿಂದ ಸಮಸ್ತ ಪೌರರ ಖಾಸಗಿತನಕ್ಕೆ ಒದಗುವ ಆಪತ್ತನ್ನು ಪ್ರಶ್ನಿಸಿ ಹೋದವರು. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿ, 1954ರ ಮತ್ತು 1962ರ ತೀರ್ಪುಗಳು ಇದಕ್ಕೆ ವಿರುದ್ಧವಾಗಿ ಹೇಳಿದ್ದುದನ್ನು ಅಳಿಸಿಹಾಕಿದರು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಅವರ ಹೆಸರು ಭಾರತದ ಪ್ರತಿಯೊಂದು ನ್ಯಾಯಾಲಯದಲ್ಲಿಯೂ ಉಳಿದಿದೆ. ನರಸಿಂಗ ರಾಯರು ಮುಚ್ಚಲು ನೆರವಾದ ಬಾಗಿಲನ್ನು ಪುಟ್ಟಸ್ವಾಮಿಯವರು ತೆರೆಸಿದರು. ಇಬ್ಬರೂ ನಮ್ಮ ನಾಡಿನವರೇ. 2021ನೆಯ ಮಾರ್ಚಿಯಲ್ಲಿ ನಮ್ಮ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಫೋನು ಮತ್ತು ಕಂಪ್ಯೂಟರುಗಳೊಳಗಿನ ಶೋಧನೆಗೆ ಸಾಮಾನ್ಯವಾಗಿ ವಾರಂಟು ಬೇಕು, ತುರ್ತು ಸಂದರ್ಭದಲ್ಲಿ ಕಾರಣವನ್ನು ಬರೆದಿಡಬೇಕು ಎಂದು ಹೇಳಿ, ಜಪ್ತಿಯ ಕ್ರಮಗಳನ್ನೂ ವಿವರಿಸಿತು.

ಅಮೇರಿಕದವರು ಈ ಪ್ರಶ್ನೆಯನ್ನು ನಮಗಿಂತ ಬಹಳ ಹಿಂದೆ ಎದುರಿಸಿದರು. 1967ರಲ್ಲಿಯೇ ಅವರ ಸುಪ್ರೀಂ ಕೋರ್ಟು ರಕ್ಷಣೆ ವ್ಯಕ್ತಿಗೆ, ಸ್ಥಳಕ್ಕಲ್ಲವೆಂದಿತು. ಆದರೆ 1978ರಲ್ಲಿ, ಪರರ ಕಾರಿನಲ್ಲಿ ಕುಳಿತಿದ್ದವರು ಕಾರೂ ತಮ್ಮದಲ್ಲ, ಸಿಕ್ಕಿದ ವಸ್ತುವೂ ತಮ್ಮದೆಂದು ಹೇಳಲಿಲ್ಲವಾದುದರಿಂದ ಶೋಧನೆಯನ್ನು ಪ್ರಶ್ನಿಸಲಾರರೆಂದಿತು. 1990ರಲ್ಲಿ ರಾತ್ರಿ ಉಳಿದ ಅತಿಥಿಗೆ ಹಕ್ಕುಂಟೆಂದಿತು. 1998ರಲ್ಲಿ ಕೆಲವು ಘಂಟೆಗಳ ವ್ಯವಹಾರಕ್ಕೆ ಬಂದವನಿಗೆ ಇಲ್ಲವೆಂದಿತು. ಹೀಗೆ ಅಳೆಯುತ್ತ ಹೋದರೆ ಊಟಕ್ಕೆ ಬಂದ ಬೀಗನಿಗೆ ಎಷ್ಟು ಹಕ್ಕು, ಹಾಸಿಗೆ ಹಾಸಿಕೊಂಡ ಬೀಗನಿಗೆ ಎಷ್ಟು ಹಕ್ಕು ಎಂದು ತೂಗುತ್ತ ಕೂರಬೇಕಾಗುತ್ತದೆ. ಅಲ್ಲಿ ಅದಕ್ಕೊಂದು ಕಾರಣವಾದರೂ ಇದೆ. ಅಕ್ರಮ ಶೋಧನೆಯೆಂದು ಸಿದ್ಧವಾದರೆ ಸಿಕ್ಕಿದ ಸಾಕ್ಷ್ಯವನ್ನೇ ಬಹುಮಟ್ಟಿಗೆ ಹೊರಗಿಡುತ್ತಾರಾದುದರಿಂದ, ಆ ಲಾಭಕ್ಕೆ ಅರ್ಹರು ಯಾರೆಂದು ಬಾಗಿಲಲ್ಲಿಯೇ ವಿಚಾರಿಸುತ್ತಾರೆ. ನಮ್ಮಲ್ಲಿ ಆ ಲಾಭವೇ ಇಲ್ಲ. 1962ರಲ್ಲಿ ಸುಪ್ರೀಂ ಕೋರ್ಟು, ಕ್ರಮತಪ್ಪಿದ ಶೋಧನೆಯನ್ನು ಆ ಸ್ಥಳದವನು ತಡೆಯಬಹುದು, ನ್ಯಾಯಾಲಯವು ಜಪ್ತಿಯ ಸಾಕ್ಷ್ಯವನ್ನು ಹೆಚ್ಚಿನ ಎಚ್ಚರದಿಂದ ಪರೀಕ್ಷಿಸಬಹುದು, ಆದರೆ ಜಪ್ತಿ ಅದರಿಂದ ಕೆಡುವುದಿಲ್ಲವೆಂದಿತು. 1973ನೆಯ ಡಿಸೆಂಬರಿನಲ್ಲಿ ಐವರ ಪೀಠವು, ಶೋಧನೆ ಅಕ್ರಮವಾಗಿದ್ದರೂ ಸಂಬಂಧಪಟ್ಟ ಸಾಕ್ಷ್ಯ ಸ್ವೀಕಾರಾರ್ಹವೆಂದು ಸ್ಥಿರಪಡಿಸಿತು. ಅಲ್ಲಿ ಬಾಗಿಲು ಕಿರಿದಾದರೂ ಒಳಗೆ ಎಲೆ ಹಾಕಿದೆ; ನಮ್ಮಲ್ಲಿ ಬಾಗಿಲೂ ಕಿರಿದು, ಒಳಗೆ ಎಲೆಯೂ ಇಲ್ಲ.

ಮಾದಕವಸ್ತುಗಳ ಕಾಯಿದೆಯಲ್ಲಿ ಮಾತ್ರ ಒಂದು ವಿನಾಯಿತಿ ಕಾಣುತ್ತದೆ. ಅದರ 50ನೆಯ ಕಲಮಿನಂತೆ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಶೋಧನೆಗೊಳಗಾಗುವ ಹಕ್ಕುಂಟೆಂದು ತಿಳಿಸದೆ ಮೈಯನ್ನು ಶೋಧಿಸಿದರೆ, ಆ ಜಪ್ತಿಯೊಂದನ್ನೇ ನಂಬಿದ ಶಿಕ್ಷೆ ನಿಲ್ಲುವುದಿಲ್ಲವೆಂದು 1999ರಲ್ಲಿ ತೀರ್ಮಾನವಾಯಿತು. ಆದರೆ ಈ ರಕ್ಷಣೆ ಮೈಗೆ ಮಾತ್ರ, ಕೈಚೀಲಕ್ಕಿಲ್ಲವೆಂದು 2005ರಲ್ಲಿ ಹೇಳಿದರು. ಕುಣಿಗಲಿನ ದಾರಿಯಲ್ಲಿ ಹೋಗುವ ಬಸ್ಸಿನ ಪ್ರಯಾಣಿಕನ ಅಂಗಿಗೆ ಒಂದು ಕಾಯಿದೆ, ಅವನ ತೊಡೆಯ ಮೇಲಿನ ಚೀಲಕ್ಕೆ ಮತ್ತೊಂದು!

ಇಷ್ಟನ್ನು ಹೇಳಿದೊಡನೆ, "ತಪ್ಪು ಮಾಡದವನಿಗೆ ಭಯವೇಕೆ?" ಎಂದು ಕೆಲವರು ಕೇಳುವರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನೂ ಎತ್ತುವರು. ಆದರೆ ಹೆಗಲು ಮುಟ್ಟಿಕೊಳ್ಳದವನ ಹೆಗಲನ್ನೂ ಊರ ನಡುವೆ ಬಿಚ್ಚಿ ನೋಡಿದರೆ ಅವನ ಮಾನವನ್ನು ಯಾರು ತಂದುಕೊಡುವರು? ಮನೆಗೆ ಪೋಲೀಸರು ಬಂದು ಹೋದರೆಂಬ ಮಾತೊಂದೇ ನಮ್ಮ ಊರುಗಳಲ್ಲಿ ಒಂದು ಸಂಬಂಧವನ್ನು ಮುರಿಯುವುದಕ್ಕೆ ಸಾಕು. ತನಿಖೆಗೆ ಅಡ್ಡಿಯಾಗುವುದೆಂಬ ಆಕ್ಷೇಪಣೆಯೂ ನಿಲ್ಲುವುದಿಲ್ಲ. ನಾವು ಕೇಳುತ್ತಿರುವುದು ಶೋಧನೆ ಬೇಡವೆಂದಲ್ಲ. ಕೊಲೆಗಡುಕನನ್ನೂ ಕಳ್ಳನನ್ನೂ ಹಿಡಿಯುವುದಕ್ಕೆ ಶೋಧನೆ ಬೇಕೇ ಬೇಕು. ಕಾರಣ ಬರೆದು, ಪಂಚರನ್ನು ಕರೆದು, ಚಿತ್ರೀಕರಿಸಿ ನಡೆಸಿದ ಅಧಿಕಾರಿಗೆ ಆ ಕಾರಣದ ಪ್ರತಿಯನ್ನು ಒಬ್ಬನಿಗೆ ಕೊಡುವ ಬದಲು ಇಬ್ಬರಿಗೆ ಕೊಡುವುದರಿಂದ ನಷ್ಟವೇನು? ನಿಯಮದಂತೆ ನಡೆಯುವ ಪೋಲೀಸಿನವನಿಗೆ ಈ ಹಕ್ಕು ಕವಚವೇ ಆಗುತ್ತದೆ.

ಹಾಗಾದರೆ ಆಗಬೇಕಾದುದೇನು? ದಂಡಪ್ರಕ್ರಿಯೆಯು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕದ ವಿಧಾನಮಂಡಲವು ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ತನ್ನ ನಾಡಿಗೆ ಸಲ್ಲುವ ತಿದ್ದುಪಡಿಯನ್ನು ಮಾಡಬಹುದು. 103ನೆಯ ಮತ್ತು 185ನೆಯ ಕಲಮುಗಳಲ್ಲಿ ಮಾಲೀಕ, ಸ್ವಾಧೀನದಾರ ಎಂಬ ಪದಗಳ ಪಕ್ಕದಲ್ಲಿ "ಯಾರ ವಸ್ತುವನ್ನು ಶೋಧಿಸಿದರೋ ಅಥವಾ ಜಪ್ತಿ ಮಾಡಿದರೋ ಅವರು" ಎಂಬ ಮಾತನ್ನು ಸೇರಿಸಿದರೆ ಸಾಕು. ಚಿತ್ರೀಕರಣವನ್ನು ನೋಡುವ ಹಕ್ಕನ್ನೂ ಅವರಿಗೆ ಕೊಡಬೇಕು. ಹೈಕೋರ್ಟು 2021ರಲ್ಲಿ ಹೇಳಿದ ಕ್ರಮಗಳಿಗೆ ಸರಕಾರವು ನಿಯಮಗಳ ರೂಪ ಕೊಡಬೇಕು. ಅಕ್ರಮವಾಗಿ ದೊರೆತ ಸಾಕ್ಷ್ಯವನ್ನು ತಕ್ಕ ಸಂದರ್ಭದಲ್ಲಿ ತಿರಸ್ಕರಿಸುವ ವಿವೇಚನೆ ನ್ಯಾಯಾಲಯಕ್ಕಿರಬೇಕೆಂದು ಕಾನೂನು ಆಯೋಗವು 1983ರಲ್ಲಿಯೇ ತನ್ನ 94ನೆಯ ವರದಿಯಲ್ಲಿ ಹೇಳಿತ್ತು. 2023ರಲ್ಲಿ ಹೊಸ ಸಾಕ್ಷ್ಯ ಕಾಯಿದೆಯನ್ನು ಬರೆದಾಗಲೂ ಪಾರ್ಲಿಮೆಂಟು ಆ ಸಲಹೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಈ ಕೊರತೆಯನ್ನು ದೆಹಲಿಯಲ್ಲಿರುವ ನಮ್ಮ ಪ್ರತಿನಿಧಿಗಳು ಎತ್ತಬೇಕು.

ಭಾಷೆಯ ಮಾತನ್ನೂ ಮರೆಯಲಾಗದು. ಓದಲು ಬಾರದ ಭಾಷೆಯ ಮಹಜರಿಗೆ ಹಾಕಿಸಿಕೊಂಡ ರುಜು ಒಪ್ಪಿಗೆಯಾಗುವುದಿಲ್ಲ. ಶೋಧನೆಯ ಕಾರಣ, ಪಟ್ಟಿ, ಹಕ್ಕುಗಳ ತಿಳಿವಳಿಕೆ ಇವು ಜನರ ನುಡಿಯಲ್ಲಿರಬೇಕು. ಕಾಸರಗೋಡಿನ ಕನ್ನಡಿಗನಿಗೆ ಕನ್ನಡದಲ್ಲಿ ತಿಳಿಸಿರೆಂದು ನಾವು ಕೇಳುವಾಗ, ನಮ್ಮದೇ ಜಿಲ್ಲೆಯ ಪಾವಗಡದ ತೆಲುಗು ಮಾತಿನವನಿಗೂ ತುಮಕೂರಿನ ಉರ್ದು ಮಾತಿನವನಿಗೂ ಅವರಿಗೆ ತಿಳಿಯುವಂತೆ ಓದಿಹೇಳುವ ಹೊಣೆ ನಮ್ಮ ಮೇಲಿದೆ. 1956ನೆಯ ನವೆಂಬರ್ 1ರ ವರೆಗೆ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದದ್ದು ಭೂಪಟದ ಗೆರೆಯನ್ನು ತಿದ್ದುವುದಕ್ಕಾಗಿ ಮಾತ್ರವಲ್ಲ. ಕನ್ನಡಿಗನೆಲ್ಲಿದ್ದರೂ ಅವನ ಮಾನಕ್ಕೆ ಒಂದೇ ಬೆಲೆ ಇರಬೇಕೆಂಬುದಕ್ಕಾಗಿ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಪದವಿಯನ್ನು ಬಿಟ್ಟ ನಾಡಿದು. ದೊಡ್ಡವರ ಮಾತನ್ನು ಕದ್ದು ಕೇಳಿದರೆ ಸರಕಾರವೇ ನಡುಗುವುದಾದರೆ, ಬಡವನ ಪೆಟ್ಟಿಗೆಯನ್ನು ಕೆದಕಿದಾಗ ಒಂದು ಕಾಗದದ ಪ್ರತಿಯಾದರೂ ಅವನಿಗೆ ಸಿಕ್ಕಬಾರದೇ?

ಕಾಯಿದೆ ತಿದ್ದುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಶೋಧನೆಗೆ ಬಂದವರನ್ನು ಕೈಯಿಂದ ತಡೆಯಹೋಗುವುದು ಸಾಮಾನ್ಯನಿಗೆ ಅಪಾಯದ ದಾರಿ. ಅದನ್ನು ನಾವು ಯಾರಿಗೂ ಹೇಳೆವು. ಆದರೆ ಅಧಿಕಾರಿಯ ಹೆಸರನ್ನು ಕೇಳಿರಿ. ನಿಮ್ಮ ವಸ್ತುವಿನ ಮುಂದೆ ನಿಮ್ಮ ಹೆಸರನ್ನೇ ಪಟ್ಟಿಯಲ್ಲಿ ಬರೆಯಿಸಿರಿ. ಮಹಜರನ್ನು ಓದಿಸಿಕೊಳ್ಳದೆ ರುಜು ಹಾಕಬೇಡಿರಿ. ಮಾರನೆಯ ದಿನವೇ ಮ್ಯಾಜಿಸ್ಟ್ರೇಟರಿಗೆ ಪ್ರತಿಯ ಅರ್ಜಿಯನ್ನು ಮನೆಯ ಯಜಮಾನನೊಡನೆ ಕೂಡಿ ಸಲ್ಲಿಸಿರಿ. ತುಮಕೂರು, ಗುಬ್ಬಿ, ಕುಣಿಗಲುಗಳ ವಕೀಲ ಬಂಧುಗಳು ಇಂಥ ಅರ್ಜಿಗಳನ್ನು ಶುಲ್ಕವಿಲ್ಲದೆ ಬರೆದುಕೊಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಈ ನಾಲ್ಕು ಕಲಮುಗಳನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ವಿದ್ಯಾರ್ಥಿನಿಲಯಗಳಲ್ಲಿಯೂ ಕಾರ್ಖಾನೆಗಳ ಬಾಗಿಲಲ್ಲಿಯೂ ಅಂಟಿಸಲಿ. ಬಾಡಿಗೆಯ ಕೋಣೆಯ ಹುಡುಗನು ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು, "ಮನೆ ನನ್ನದಲ್ಲ ಸ್ವಾಮಿ, ಪೆಟ್ಟಿಗೆ ನನ್ನದು" ಎಂದಾಗ, ನ್ಯಾಯಸ್ಥಾನವು ಅವನ ಅರ್ಜಿಯನ್ನು ಕೈಗೆ ತೆಗೆದುಕೊಳ್ಳಬೇಕು. ನಾವು ಕೇಳುವುದು ಇಷ್ಟೇ.